ಒಂದು ಸಾಲಿನ ಲ್ಯಾಪ್‌ಟಾಪ್

ಬೆಂಗಳೂರಿನ ಎಸ್‌.ಪಿ. ರಸ್ತೆಯ ಅಂಗಡಿಯಿರಲಿ, ಆನ್‌ಲೈನ್ ಮಳಿಗೆಯಿರಲಿ, ಲ್ಯಾಪ್‌ಟಾಪಿನ ಪರಿಚಯ ಒಂದೇ ಸಾಲಿನಲ್ಲಿ ಮುಗಿದುಹೋಗುತ್ತದೆ: ಐ5, 8 ಜಿಬಿ, 512 ಜಿಬಿ ಎಸ್‌ಎಸ್‌ಡಿ, 15.6 ಇಂಚು ಎಫ್‌ಎಚ್‌ಡಿ, ವಿಂಡೋಸ್ 11. ಮಗಳ ಕಾಲೇಜಿಗೆಂದು ಕೂಡಿಟ್ಟ ಹಣವನ್ನು ಜನ ಈ ಸಾಲನ್ನೇ ನಂಬಿ ಎಣಿಸಿ ಕೊಡುತ್ತಾರೆ. ಸಾಲಿನಲ್ಲಿ ಸುಳ್ಳಿಲ್ಲ. ಆದರೆ ಐದಾರು ವರ್ಷ ಬಳಸುವವರಿಗೆ ಬೇಕಾದ ವಿವರಗಳೇ ಅದರಲ್ಲಿಲ್ಲ ಎಂಬುದು ನನ್ನ ತಕರಾರು.

ಪ್ರೊಸೆಸರಿನಲ್ಲಿ ಐ5ಗಿಂತ ಐ7 ಮೇಲು ಎಂಬ ಲೆಕ್ಕ ಎಲ್ಲರ ತಲೆಯಲ್ಲೂ ಗಟ್ಟಿಯಾಗಿ ಕೂತಿದೆ. ಆದರೆ 2016ರ ಐ7-7500ಯು ಪ್ರೊಸೆಸರಿನಲ್ಲಿ ಇದ್ದದ್ದು ಎರಡೇ ಕೋರ್, ಅಂದರೆ ಕೆಲಸ ಮಾಡುವ ಘಟಕ. ಮರುವರ್ಷ ಬಂದ ಐ5-8250ಯುನಲ್ಲಿ ನಾಲ್ಕು! ಬರೀ ‘ಐ7’ ಎಂದು ಓದಿ ಹಳೆಯದನ್ನು ಕೊಂಡವರು ದುಡ್ಡು ಹೆಚ್ಚು ಕೊಟ್ಟು ಕಡಿಮೆ ಪಡೆದರು. 2022ರಲ್ಲಿ ಎಎಂಡಿ ತಂದ ರೈಜೆನ್ 5 7520ಯು ಇನ್ನೂ ಒಂದು ಹೆಜ್ಜೆ ಮುಂದೆ. ಹೆಸರು 7000 ಸರಣಿಯದು, ಒಳಗಿರುವುದು 2019ರಲ್ಲಿ ಬಂದ ಜೆನ್ 2 ವಿನ್ಯಾಸ. ಅದು ಗೊತ್ತಾಗುವುದು ಮೂರನೇ ಅಂಕಿ 2 ಆಗಿರುವುದರಿಂದ. ಮೂರನೇ ಅಂಕಿ ನೋಡಿ ಎಂದು ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ.

ಹೆಚ್ಚು ಜನ ಎಡವುವುದು ಮಾತ್ರ ಮೆಮೊರಿಯಲ್ಲಿ. 8 ಜಿಬಿ, 512 ಜಿಬಿ ಎರಡನ್ನೂ ಪಕ್ಕಪಕ್ಕ ಬರೆದು, ಮಾರುವವರೂ ಎರಡನ್ನೂ ‘ಮೆಮೊರಿ’ ಎಂದೇ ಕರೆದರೆ ಗೊಂದಲವಾಗದೆ ಇನ್ನೇನಾದೀತು? ಸದ್ಯ ತೆರೆದಿರುವ ಟ್ಯಾಬು, ಫೈಲು, ವೀಡಿಯೊ ಕರೆ ಇವೆಲ್ಲ ಇರುವುದು ರ್‍ಯಾಮ್‌ನಲ್ಲಿ. ಲ್ಯಾಪ್‌ಟಾಪ್ ಆಫ್ ಆದೊಡನೆ ಅದು ಖಾಲಿ. ಫೋಟೊ, ದಾಖಲೆ, ವಿಂಡೋಸ್ ಎಲ್ಲ ಉಳಿಯುವುದು ಎಸ್‌ಎಸ್‌ಡಿಯಲ್ಲಿ. ರ್‍ಯಾಮ್ ತುಂಬಿದರೆ ವಿಂಡೋಸ್ ಹೆಚ್ಚಾದದ್ದನ್ನು ಎಸ್‌ಎಸ್‌ಡಿಗೆ ಸಾಗಿಸುತ್ತದೆ. ಎಸ್‌ಎಸ್‌ಡಿ ಎಷ್ಟೇ ಚುರುಕಾಗಿದ್ದರೂ ರ್‍ಯಾಮ್‌ನ ವೇಗಕ್ಕೆ ಸಾಟಿಯಲ್ಲ, ಹಾಗಾಗಿ ಆನ್‌ಲೈನ್ ಕ್ಲಾಸಿನ ನಡುವೆ ಪರದೆ ತಡವರಿಸುತ್ತದೆ. ‘ಡಿಸ್ಕ್ ಅರ್ಧ ಖಾಲಿಯಿದೆಯಲ್ಲ, ಆದರೂ ಏಕೆ ನಿಧಾನ?’ ಎಂಬ ಪ್ರಶ್ನೆಗೆ ಉತ್ತರ ಇಷ್ಟೇ. ಪ್ರತ್ಯೇಕ ಗ್ರಾಫಿಕ್ಸ್ ಇಲ್ಲದ ಲ್ಯಾಪ್‌ಟಾಪಿನಲ್ಲಿ ಪರದೆಯ ಕೆಲಸಕ್ಕೂ ಇದೇ 8 ಜಿಬಿಯಲ್ಲಿ ಪಾಲು ಹೋಗುತ್ತದೆ.

ಮುಂದೆ ರ್‍ಯಾಮ್ ಹೆಚ್ಚಿಸಿಕೊಳ್ಳೋಣವೆಂದರೆ, ತೆಳುವಾದ ಎಷ್ಟೋ ಮಾದರಿಗಳಲ್ಲಿ ಅದನ್ನು ಮದರ್‌ಬೋರ್ಡಿಗೇ ಬೆಸೆದಿರುತ್ತಾರೆ. ಬೇರೆ ಸ್ಲಾಟ್ ಇಲ್ಲದಿದ್ದರೆ ಕೊಂಡ ದಿನ ಎಷ್ಟಿತ್ತೋ ಕೊನೆತನಕ ಅಷ್ಟೇ. ಆ ಸಾಲಿನಲ್ಲಿ ಇರಲೇಬೇಕಾದ ಒಂದೇ ಒಂದು ಮಾತನ್ನು ಆರಿಸೆಂದರೆ ರ್‍ಯಾಮ್ ಹೆಚ್ಚಿಸಬಹುದೇ ಎಂಬುದನ್ನೇ ನಾನು ಆರಿಸುತ್ತೇನೆ. ಇದರ ಮುಂದೆ, 512 ಜಿಬಿ ಡಿಸ್ಕನ್ನು ವಿಂಡೋಸ್ 476 ಜಿಬಿ ಎಂದು ತೋರಿಸುವುದು ಅಷ್ಟು ದೊಡ್ಡ ವಿಷಯವಲ್ಲ. ತಯಾರಕರು 1000ದ ಲೆಕ್ಕ ಹಿಡಿಯುತ್ತಾರೆ, ವಿಂಡೋಸ್ 1024ರದು. ಏನೂ ಕಳೆದಿಲ್ಲ.

ಎಫ್‌ಎಚ್‌ಡಿ ಎಂಬುದೂ ಅರ್ಧ ಮಾತೇ. ಪರದೆಯಲ್ಲಿ 1920 × 1080 ಚುಕ್ಕೆಗಳಿವೆ ಎಂದಷ್ಟೇ ಅದರ ಅರ್ಥ. ಬೆಳಕು 250 ನಿಟ್ಸ್ (ಹೊಳಪಿನ ಅಳತೆ) ಆಗಿದ್ದರೆ ಕಿಟಕಿಯ ಪಕ್ಕ ಹಗಲಲ್ಲಿ ಕೂತು ಓದುವುದೇ ಕಷ್ಟ. ಬಣ್ಣದ ವ್ಯಾಪ್ತಿ ಎನ್‌ಟಿಎಸ್‌ಸಿ ಎಂಬ ಅಳತೆಯ ಶೇಕಡಾ 45 ಮಾತ್ರ ಆಗಿದ್ದರೆ ಕೆಂಪು ಸೀರೆಯೂ ಮಾಸಿದಂತೆ ಕಾಣುತ್ತದೆ.

ಇದನ್ನೆಲ್ಲ ತಿಳಿಸಲಾಗದು ಎಂದೇನಿಲ್ಲ. ಲೆನೊವೊದ ಪಿಎಸ್‌ರೆಫ್ ವಿವರಪಟ್ಟಿಯಲ್ಲಿ ರ್‍ಯಾಮ್ ಬೆಸೆದದ್ದೋ, ಸ್ಲಾಟ್ ಎಷ್ಟು, ನಿಟ್ಸ್ ಎಷ್ಟು ಎಂಬುದೆಲ್ಲ ಮಾದರಿವಾರು ಸಿಗುತ್ತದೆ. ಅದು ಮೆಚ್ಚಬೇಕಾದ ಕೆಲಸ. ಆದರೆ ಅದನ್ನು ಹುಡುಕಿ ಓದುವವರು ಮೊದಲೇ ವಿಷಯ ತಿಳಿದವರು. ಪ್ರೊಸೆಸರಿನ ಪೂರ್ತಿ ಹೆಸರು, ರ್‍ಯಾಮ್ ಬದಲಿಸಬಹುದೇ, ಪರದೆಯ ನಿಟ್ಸ್ ಎಷ್ಟು ಎಂಬ ಮೂರು ವಿವರಗಳು ಬೆಲೆಯ ಚೀಟಿಯ ಮೇಲೆಯೇ, ಬೆಲೆಯಷ್ಟೇ ದಪ್ಪ ಅಕ್ಷರದಲ್ಲಿ ಇರಬೇಕು.