ಕಿಂಡಿಯ ಈಚೆ ಇದ್ದವರು ಯಾರು?

ನಮ್ಮ ಯುದ್ಧದ ಸಿನೆಮಾಗಳಿಗೆ ಒಂದು ಚಟ ಇದೆ. ಕೋಟೆಯ ಮೇಲೆ ರಾಜ ನಿಂತಿರಬೇಕು, ಕೆಳಗೆ ವೈರಿಯ ದಂಡು ಬರಬೇಕು, ನಡುವೆ ಮಾತಿನ ಮಳೆ ಸುರಿಯಬೇಕು. ಕೋಟೆಯೊಳಗೆ ಮಕ್ಕಳನ್ನು ಅವುಚಿಕೊಂಡು ಕೂತ ಜನ ಏನು ಉಂಡರು, ಎಲ್ಲಿಂದ ನೀರು ತಂದರು, ಕೋಟೆ ಬಿದ್ದ ಮೇಲೆ ಎತ್ತ ಹೋದರು ಎಂದು ಕ್ಯಾಮೆರಾ ಕೇಳುವುದಿಲ್ಲ. ಅವರು ಜಯಕಾರ ಹಾಕೋದಕ್ಕೆ ಬೇಕು, ಅಷ್ಟೇ.

ಈ ಚಟ ಸ್ವಲ್ಪ ಸಡಿಲಾದದ್ದು ಯುದ್ಧದ ಸಿನೆಮಾ ಅಲ್ಲದ ಒಂದು ಸಿನೆಮಾದಲ್ಲಿ. 1972ರ ‘ನಾಗರಹಾವು’. ತ.ರಾ.ಸು. ಅವರ ಕಾದಂಬರಿಗಳಿಂದ ಪುಟ್ಟಣ್ಣ ಕಣಗಾಲ್ ಮಾಡಿದ ಈ ಚಿತ್ರದ ನಡುವೆ ಒಂದು ಹಾಡು ಬರುತ್ತದೆ, ಹೈದರಾಲಿಯ ದಂಡು ಚಿತ್ರದುರ್ಗಕ್ಕೆ ಮುತ್ತಿಗೆ ಹಾಕಿದ ಕಾಲಕ್ಕೆ ನಮ್ಮನ್ನು ಒಯ್ಯುತ್ತದೆ. ಬರೆದವರು ಚಿ. ಉದಯಶಂಕರ್, ಹಾಡಿದವರು ಪಿ.ಬಿ. ಶ್ರೀನಿವಾಸ್. ತೆರೆಯ ಮೇಲೆ ರಾಜ ಅಲ್ಲ, ಕಾವಲುಗಾರನ ಹೆಂಡತಿ ನಿಲ್ಲುತ್ತಾಳೆ. ಆ ಕೆಲವೇ ನಿಮಿಷಗಳಲ್ಲಿ ಜಯಂತಿಯವರು ಮಾಡಿದ್ದನ್ನು ನಮ್ಮ ಎಷ್ಟೋ ಐತಿಹಾಸಿಕ ಚಿತ್ರಗಳ ಕಿರೀಟಧಾರಿಗಳು ಮೂರು ತಾಸಿನಲ್ಲಿ ಮಾಡಲಾಗಲಿಲ್ಲ. ಆ ತೋಳು ದುಡಿದ ತೋಳಿನಂತೆ ಕಾಣುತ್ತದೆ. ಇದನ್ನು ಒಪ್ಪಿಕೊಂಡೇ ಜಗಳ ಸುರು ಮಾಡೋಣ.

ಕಥೆ ಎಲ್ಲರಿಗೂ ಗೊತ್ತು. ಕಹಳೆಯ ಮುದ್ದಹನುಮ ಉಣ್ಣೋಕೆ ಮನೆಗೆ ಬರುತ್ತಾನೆ. ಓಬವ್ವ ನೀರಿಗೆ ಹೋಗುತ್ತಾಳೆ. ಕಿಂಡಿಯಲ್ಲಿ ವೈರಿಗಳು ನುಸುಳೋದು ಕಾಣುತ್ತದೆ. ಉಣ್ಣುವ ಗಂಡನನ್ನು ಎಬ್ಬಿಸದೆ ಒನಕೆ ತಗೊಂಡು ಬಂದು ನಿಲ್ಲುತ್ತಾಳೆ. ಒಬ್ಬೊಬ್ಬನೇ ತಲೆ ಹಾಕಿದ ಹಾಗೆ ಒಬ್ಬೊಬ್ಬನನ್ನೇ ಹೊಡೆದು ಎಳೆದು ಹಾಕುತ್ತಾಳೆ.

ಇಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಮುದ್ದಹನುಮ ಉಣ್ಣೋಕೆ ಬಂದಾಗ ಅವನ ಜಾಗದಲ್ಲಿ ನಿಂತವರು ಯಾರು? ಯಾರೂ ಇಲ್ಲ! ಇಡೀ ಸಂಸ್ಥಾನದ ಜೀವ ಒಂದು ಕಿಂಡಿಯ ಮೇಲೆ ನಿಂತಿದೆ. ಆ ಕಿಂಡಿಗೆ ಒಬ್ಬನೇ ಆಳು. ಅವನಿಗೆ ಹಸಿವಾದರೆ ಕೋಟೆ ಬಯಲು. ಪಾಳೇಗಾರಿಕೆ ಎಂದರೆ ಇದೇ. ಕಾಯುವವನಿಂದ ನಿಷ್ಠೆ ಬೇಕು, ಅವನ ತುತ್ತಿನ ಹೊತ್ತಿಗೆ ಇನ್ನೊಬ್ಬನನ್ನು ನಿಲ್ಲಿಸೋ ವ್ಯವಧಾನ ಇಲ್ಲ. ಆ ಲೋಪವನ್ನು ಓಬವ್ವ ತನ್ನ ಜೀವದಿಂದ ತುಂಬಿದಳು. ನಾವು ಅದಕ್ಕೆ ಶೌರ್ಯ ಅಂದೆವು. ಶೌರ್ಯ ಹೌದು. ಆದರೆ ಆಳುವವರ ಬೇಜವಾಬ್ದಾರಿಯೂ ಹೌದಲ್ಲೇನ್ರಿ?

ಎರಡನೆಯ ಮಾತು ಜಾತಿಯದು. ಓಬವ್ವ ಛಲವಾದಿ ಹೆಣ್ಣುಮಗಳು, ಹೊಲೆಯರ ಮನೆಯವಳು. ಹಾಡು ಇದನ್ನು ಹೇಳುವುದಿಲ್ಲ. ಹಾಡಿಗೆ ಅವಳು ಕನ್ನಡ ನಾಡಿನ ವೀರ ಹೆಣ್ಣು; ಒನಕೆ ಎತ್ತಿದ ಗಳಿಗೆಗೆ ದುರ್ಗಿ, ಕಾಳಿ. ತಮಾಷೆ ನೋಡಿ, ‘ನಾಗರಹಾವು’ ಚಿತ್ರದ ಕಥೆಯೆಲ್ಲ ನಿಂತಿರೋದು ಜಾತಿಯ ಮೇಲೆ. ರಾಮಾಚಾರಿಗೆ ಅಲಮೇಲು ದಕ್ಕದ್ದು ಜಾತಿಯ ಕಾರಣಕ್ಕೆ. ಮಾರ್ಗರೆಟ್ ದಕ್ಕದ್ದು ಧರ್ಮದ ಕಾರಣಕ್ಕೆ. ಬ್ರಾಹ್ಮಣ ಹುಡುಗನ ಪ್ರೇಮಕ್ಕೆ ಜಾತಿ ಅಡ್ಡ ಬಂದರೆ ಅದು ದುರಂತ, ಕಣ್ಣೀರು, ಇಡೀ ಸಿನೆಮಾ. ಹೊಲೆಯರ ಹೆಣ್ಣು ಅದೇ ಊರನ್ನು ಉಳಿಸಿದರೆ ಅವಳಿಗೆ ಜಾತಿಯೇ ಇಲ್ಲ! ದೇವತೆ ಮಾಡಿದರೆ ಮುಗೀತು, ಅವಳು ಯಾವ ಕೇರಿಯಿಂದ ಬಂದಳು ಅಂತ ಯಾರೂ ಕೇಳಬೇಕಾಗಿಲ್ಲ.

ಒನಕೆಯನ್ನೂ ಆಯುಧ ಮಾಡಿಬಿಟ್ಟರು. ಒನಕೆ ಕುಟ್ಟೋ ಸಾಮಾನು. ನವಣಿ ಕುಟ್ಟಿ ಅಂಗೈ ಗಟ್ಟಿಯಾದವರಿಗೆ ಗೊತ್ತು, ಅದನ್ನು ಎತ್ತಿ ಹಾಕೋ ಲೆಕ್ಕ ಎಂಥದು, ಉಸಿರು ಎಲ್ಲಿ ಬಿಡಬೇಕು ಅಂತ. ಓಬವ್ವನಿಗೆ ಆ ಬಲ ಕಾಳಿ ಕೊಟ್ಟದ್ದಲ್ಲ. ದಿನಾ ಕುಟ್ಟಿ ಬಂದದ್ದು. ಅವಳು ಕುಟ್ಟುವ ಒಂದು ದೃಶ್ಯ ಮೊದಲೇ ಇಟ್ಟಿದ್ದರೆ ಸಾಕಿತ್ತು, ಆಮೇಲಿನ ಹೊಡೆತದ ಅರ್ಥವೇ ಬೇರೆ ಆಗುತ್ತಿತ್ತು.

ಇನ್ನು ಹಾಡು ಎಲ್ಲಿ ನಿಲ್ಲುತ್ತದೆ ನೋಡಿ. ಓಬವ್ವನ ಸಾವಿಗೆ ನಿಲ್ಲುತ್ತದೆ. ಚಿತ್ರದುರ್ಗ ಅಲ್ಲಿಗೆ ನಿಲ್ಲಲಿಲ್ಲ. 1779ರಲ್ಲಿ ಕೋಟೆ ಹೈದರನ ಕೈಗೆ ಬಿತ್ತು. ಮದಕರಿ ನಾಯಕ ಸೆರೆಯಾದ. ಕೋಟೆಯನ್ನೇ ನಂಬಿ ಕೂತಿದ್ದ ಜನದಲ್ಲಿ ಇಪ್ಪತ್ತು ಸಾವಿರ ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದರೆಂದು ರೈಸ್ ಸಾಹೇಬರ ಗೆಜೆಟಿಯರ್ ಹೇಳುತ್ತದೆ. ಅವರ ಗಂಡುಹುಡುಗರನ್ನು ‘ಚೇಲಾ’ ಪಲ್ಟನ್ನುಗಳಿಗೆ ಸೇರಿಸಿದರು. ಯಾವ ದಂಡಿಗೆ ಹೆದರಿ ತಾಯಂದಿರು ಮಕ್ಕಳನ್ನು ಮುಚ್ಚಿಟ್ಟಿದ್ದರೋ ಅದೇ ದಂಡಿಗೆ ಆ ಮಕ್ಕಳು ಸಿಪಾಯಿಗಳಾದರು. ಇದಕ್ಕಿಂತ ದೊಡ್ಡ ಯುದ್ಧದ ಸಿನೆಮಾ ಇನ್ನೇನು ಬೇಕು? ಆದರೆ ಇದರಲ್ಲಿ ಜಯಕಾರ ಹಾಕೋಕೆ ಜಾಗ ಇಲ್ಲ. ‘ಅವರ ಧರ್ಮ, ನಮ್ಮ ಧರ್ಮ’ ಎಂದು ಇಂದು ಓಬವ್ವನನ್ನು ಎಳೆದಾಡುವವರಿಗೂ ಜಾಗ ಇಲ್ಲ. ಹೈದರನ ದಂಡಿನಲ್ಲಿ ಹಿಂದೂಗಳಿದ್ದರು, ನಾಯಕನ ದಂಡಿನಲ್ಲಿ ಮುಸಲ್ಮಾನ ಸಿಪಾಯಿಗಳಿದ್ದರು.

ಇಟಲಿಯ ವಿತ್ತೋರಿಯೋ ಡಿ ಸಿಕಾ 1960ರಲ್ಲಿ ‘ಟೂ ವಿಮೆನ್’ ಮಾಡಿದ. ಬಾಂಬಿಗೆ ಹೆದರಿ ಮಗಳನ್ನು ಕಟ್ಟಿಕೊಂಡು ರೋಮ್ ಬಿಟ್ಟು ಹಳ್ಳಿಗೆ ಓಡಿದ ಅಂಗಡಿಯ ವಿಧವೆಯ ಕಥೆ. ಇನ್ನೇನು ಎಲ್ಲ ಮುಗೀತು ಅಂತ ವಾಪಸ್ ಹೊರಟಾಗ, ದಾರಿಯ ಹಾಳು ಚರ್ಚಿನಲ್ಲಿ ಬಿಡುಗಡೆ ತಂದ ಕಡೆಯ ಸಿಪಾಯಿಗಳೇ ತಾಯಿ ಮಗಳನ್ನು ಕೆಡಿಸುತ್ತಾರೆ. ಯಾರು ಗೆದ್ದರು ಎಂದು ಆ ಚಿತ್ರ ಕೇಳುವುದಿಲ್ಲ. ಆಸರೆ ಹುಡುಕಿ ಹೋದವಳಿಗೆ ಏನಾಯಿತು ಎಂದು ಕೇಳುತ್ತದೆ.

ಯಾವಗಲ್ಲಿನಂಥ ಊರಿನವರಿಗೆ ಈ ಪ್ರಶ್ನೆ ಹೊಸದಲ್ಲ. ನಮ್ಮದು ಎರೆ ಸೀಮೆ. ದುರ್ಗದ ಹಾಗೆ ಬಂಡೆ ಇಲ್ಲ, ಕಿಂಡಿ ಇಲ್ಲ, ಅಡಗೋಕೆ ಕಾಡಿಲ್ಲ. ಬಯಲಿನಲ್ಲಿ ಎದ್ದು ಕಾಣೋದು ನರಗುಂದದ ಗುಡ್ಡ ಒಂದೇ. ಅದರ ಮೇಲಿನ ಕೋಟೆ ಅರಸರದು. 1785ರಲ್ಲಿ ಟಿಪ್ಪುವಿನ ದಂಡು ಅದನ್ನು ಮುತ್ತಿತು, 1858ರಲ್ಲಿ ಕಂಪನಿಯ ದಂಡು. ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೆ ಹಾಕಿದರು. ಅವನ ತಾಯಿ, ಹೆಂಡತಿ ಮಲಪ್ರಭೆಗೆ ಹಾರಿ ಸತ್ತರು. ಇಷ್ಟು ಚರಿತ್ರೆಯಲ್ಲಿದೆ. ದಂಡು ತುಳಿದು ಹೋದ ಬಯಲಿನ ಹಳ್ಳಿಗಳ ಹೆಂಗಸರು ಯಾವ ಹೊಳೆಗೆ ಬಿದ್ದರು, ಅದು ಇಲ್ಲ. ದಂಡು ಬಂದರೆ ಜೋಳಕ್ಕೆ ಹಗೇವು ಇತ್ತು, ಗೌಡ-ದೇಸಾಯರಿಗೆ ವಾಡೆ ಇತ್ತು, ಹುಡೇವು ಇತ್ತು. ಊರ ಹೊರಗಿನ ಕೇರಿಗೆ ಏನಿತ್ತು? ಶಾಂತಿಯ ಕಾಲದಲ್ಲೇ ಹೊಸ್ತಿಲು ದಾಟಲು ಬಿಡದವರು ದಂಡು ಬಂದ ದಿನ ಬಾಗಿಲು ತೆಗೆದರೇನು?

ಈ ಪ್ರಶ್ನೆ ಹಿಡಿದು ಒಂದು ಕನ್ನಡ ಸಿನೆಮಾ ಬರಲಿ. ದುಡ್ಡು ಬಹಳ ಬೇಕಾಗಿಲ್ಲ, ಆನೆ-ಕುದುರೆ ಬೇಕಾಗಿಲ್ಲ. ಒಂದು ಮುಚ್ಚಿದ ವಾಡೆಯ ಬಾಗಿಲು, ಹೊರಗೆ ನಿಂತ ಹತ್ತು ಮಂದಿ, ದೂರದಲ್ಲಿ ಏಳುವ ಧೂಳು ಸಾಕು.

ಅಲ್ಲಿತನಕ ಸಾಲಿ ಮಾಸ್ತರರಿಗೆ ಒಂದು ಮಾತು. 2021ರಿಂದ ಸರ್ಕಾರ ನವೆಂಬರ್ 11ರಂದು ಓಬವ್ವ ಜಯಂತಿ ಮಾಡುತ್ತಿದೆ. ಸಾಲಿಯಲ್ಲಿ ಹುಡುಗಿಯರಿಗೆ ಕಚ್ಚೆ ಹಾಕಿಸಿ, ಕೈಗೆ ಬಣ್ಣದ ಒನಕೆ ಕೊಟ್ಟು ಅದೇ ಹಾಡಿಗೆ ಕುಣಿಸುತ್ತೀರಿ. ಕುಣಿಸಿರಿ. ಕುಣಿತ ಮುಗಿದ ಮೇಲೆ ಹುಡುಗರನ್ನು ಕೂಡಿಸಿ ಕೇಳಿರಿ, ಮುದ್ದಹನುಮ ಉಣ್ಣುವಾಗ ಕಿಂಡಿಯ ಹತ್ತಿರ ಯಾರಿದ್ದರು ಅಂತ. ಮತ್ತೆ, ಓಬವ್ವನ ಪಾತ್ರ ಕೊಡುವಾಗ ಕೇರಿಯ ಹುಡುಗಿ ಎಷ್ಟನೇ ಸಾಲಿನಲ್ಲಿ ನಿಂತಿದ್ದಳು, ಅದನ್ನೂ ಒಮ್ಮೆ ತಿರುಗಿ ನೋಡಿರಿ.