ಸಹಭಾಗಿ ವಿಶ್ವಕೋಶ ಮತ್ತು ಮೌಖಿಕ ಆಕರ: ಉಪಯುಕ್ತತೆ ಹಾಗೂ ಮಿತಿಗಳು

ಸಂಶೋಧನೆಯಲ್ಲಿ ಆಕರದ ಪ್ರಶ್ನೆ ಹೊಸದಲ್ಲ. ತಾಳೆಗರಿಯ ಪ್ರತಿಯಾಗಲಿ ವಕ್ತೃವಿನ ಹೇಳಿಕೆಯಾಗಲಿ, ಅದನ್ನು ಯಾರು, ಎಂದು, ಯಾವ ಸಂದರ್ಭದಲ್ಲಿ ದಾಖಲಿಸಿದರೆಂಬುದನ್ನು ಅರಿಯದೆ ಅಧ್ಯಯನ ಮುಂದುವರಿಯಲಾರದು. 2001ರಲ್ಲಿ ಆರಂಭವಾದ ವಿಕಿಪೀಡಿಯ ಹಾಗೂ 2003ರಲ್ಲಿ ಮೊದಲಾದ ಅದರ ಕನ್ನಡ ಆವೃತ್ತಿಯನ್ನು ಕುರಿತೂ ಇದೇ ಪ್ರಶ್ನೆಯನ್ನು ಕೇಳಬೇಕಾಗುತ್ತದೆ.

ಯಾರು ಬೇಕಾದರೂ ತಿದ್ದಬಹುದಾದ ಕೋಶ ವಿಶ್ವಾಸಾರ್ಹವೇ ಎಂಬುದು ಸಾಮಾನ್ಯವಾದ ಆಕ್ಷೇಪ. 2005ರಲ್ಲಿ ‘ನೇಚರ್’ ಪತ್ರಿಕೆ 42 ವಿಜ್ಞಾನ ವಿಷಯಗಳ ಲೇಖನಗಳನ್ನು ತಜ್ಞರಿಂದ ಪರಿಶೀಲಿಸಿದಾಗ, ಲೇಖನವೊಂದರಲ್ಲಿ ಸರಾಸರಿ ವಿಕಿಪೀಡಿಯದಲ್ಲಿ ಸುಮಾರು 4, ಬ್ರಿಟಾನಿಕಾದಲ್ಲಿ ಸುಮಾರು 3 ದೋಷಗಳು ಕಂಡುಬಂದವು. ಆ ಪರಿಶೀಲನೆಯ ವಿಧಾನವನ್ನು ಬ್ರಿಟಾನಿಕಾ 2006ರಲ್ಲಿ ಪ್ರಶ್ನಿಸಿತು. ಈ ಹೋಲಿಕೆ ಇಂಗ್ಲಿಷಿನ ವಿಜ್ಞಾನ ಲೇಖನಗಳಿಗೆ ಸೀಮಿತವಾದುದು. ತಿದ್ದುವವರ ಸಂಖ್ಯೆ ಕಡಿಮೆಯಿರುವ ಭಾಷೆಗಳಿಗೆ, ಅದರಲ್ಲಿಯೂ ಜಾನಪದ ವಿಷಯಗಳಿಗೆ, ಇದನ್ನು ಅನ್ವಯಿಸುವುದು ಸಾಧುವಲ್ಲ.

ಈ ಕೋಶದ ನಿಜವಾದ ಉಪಯುಕ್ತತೆ ಇರುವುದು ಅದರ ಇತಿಹಾಸ ಪುಟದಲ್ಲಿ. ಪ್ರತಿಯೊಂದು ತಿದ್ದುಪಡಿಯೂ ದಿನಾಂಕಸಹಿತ ಅಲ್ಲಿ ಉಳಿಯುತ್ತದೆ. ಚರ್ಚಾಪುಟದಲ್ಲಿ ಭಿನ್ನಾಭಿಪ್ರಾಯಗಳು ದಾಖಲಾಗುತ್ತವೆ. ಮುದ್ರಿತ ಕೋಶದಲ್ಲಿ ಸಂಪಾದಕನ ಮೇಜಿನ ಮೇಲೆಯೇ ಮರೆಯಾಗುವ ಪಾಠಾಂತರಗಳು ಇಲ್ಲಿ ಅಧ್ಯಯನಕ್ಕೆ ದೊರೆಯುತ್ತವೆ. ಆದುದರಿಂದ ಉಲ್ಲೇಖಿಸುವವರು ಲೇಖನದ ಹೆಸರನ್ನಷ್ಟೇ ಅಲ್ಲದೆ ತಾವು ಓದಿದ ಆವೃತ್ತಿಯ ದಿನಾಂಕವನ್ನೂ ನಮೂದಿಸಬೇಕು. ಲೇಖನದ ಕೊನೆಯ ಆಕರಗಳನ್ನು ಮೂಲದಲ್ಲಿಯೇ ನೋಡಬೇಕು. ಕೋಶದಿಂದ ಪತ್ರಿಕೆಗೆ ಹೋದ ತಪ್ಪು ಆ ಪತ್ರಿಕೆಯ ಆಧಾರದಿಂದಲೇ ಕೋಶದಲ್ಲಿ ಸ್ಥಿರವಾಗುವ ಅಪಾಯವುಂಟು.

ಮಿತಿಯ ಸ್ವರೂಪ ಬೇರೆಯೇ ಆಗಿದೆ. ತುಳುವಿನ ಸಿರಿ ಪಾಡ್ದನವನ್ನು ಗಮನಿಸಬಹುದು. ಗೋಪಾಲ ನಾಯ್ಕರು ಹಾಡಿದ ಸಿರಿಕಾವ್ಯವನ್ನು ಲೌರಿ ಹಾಂಕೊ ಅವರು ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಮೊದಲಾದವರೊಡನೆ ದಾಖಲಿಸಿ 1998ರಲ್ಲಿ ಪ್ರಕಟಿಸಿದರು. ಅದು 15,683 ಸಾಲುಗಳ ಪಠ್ಯ. ಒಬ್ಬ ಹಾಡುಗಾರನ ಒಂದು ನಿರೂಪಣೆ. ನೇಜಿ ನೆಡುವ ಹೆಂಗಸರು ಹಾಡುವ ಪಾಡ್ದನಗಳಿಗೆ ಅಂತಹ ಗ್ರಂಥದ ಬೆಂಬಲ ಎಲ್ಲೆಡೆಯೂ ಇಲ್ಲ. ಪ್ರಕಟಿತ ಆಕರವನ್ನೇ ಬೇಡುವ, ಸ್ವಂತ ಸಂಶೋಧನೆಯನ್ನು ನಿಷೇಧಿಸುವ ನಿಯಮದಡಿ ಮುದ್ರಿತ ಪಠ್ಯವೇ ‘ಸಿರಿಯ ಕಥೆ’ ಎನಿಸಿಕೊಳ್ಳುತ್ತದೆ. ಬದುಕಿರುವ ಹಾಡುಗಾರ್ತಿಯ ಮಾತು ‘ಆಧಾರವಿಲ್ಲದ್ದು’ ಎನಿಸಿಕೊಳ್ಳುತ್ತದೆ. ಎಲ್ಲರಿಗೂ ತೆರೆದ ಬಾಗಿಲು ಅಕ್ಷರ ಬಲ್ಲವರಿಗಷ್ಟೇ ತೆರೆದಂತಾಗುವುದು ಇಲ್ಲಿ.

2011ರಲ್ಲಿ ವಿಕಿಮೀಡಿಯ ಪ್ರತಿಷ್ಠಾನದ ನೆರವಿನಿಂದ ಭಾರತ ಹಾಗೂ ದಕ್ಷಿಣ ಆಫ್ರಿಕಗಳಲ್ಲಿ ಧ್ವನಿಮುದ್ರಿತ ಸಂದರ್ಶನಗಳನ್ನೇ ಆಕರವಾಗಿ ಬಳಸುವ ಪ್ರಯೋಗ ನಡೆಯಿತು. ಅದು ಸಾಮಾನ್ಯ ನಿಯಮವಾಗಲಿಲ್ಲ. ಹಾಗೆಂದು ನಿಯಮವನ್ನಷ್ಟೇ ದೂರುವುದೂ ಸರಿಯಲ್ಲ. ಪರಿಶೀಲನೆಗೆ ಆಸ್ಪದವಿಲ್ಲದ ಹೇಳಿಕೆಯನ್ನು ಜಾನಪದ ವಿಜ್ಞಾನವೂ ಒಪ್ಪುವುದಿಲ್ಲ. ಕ್ಷೇತ್ರಕಾರ್ಯದ ಧ್ವನಿಸುರುಳಿಗಳು ಸೂಚಿಯಿಲ್ಲದೆ ಕಪಾಟುಗಳಲ್ಲಿ ಉಳಿದರೆ, ಅಪ್ರಕಟಿತ ಪ್ರಬಂಧಗಳು ಓದುಗರಿಗೆ ಎಟುಕದಿದ್ದರೆ, ಕೋಶದ ಕೊರತೆಗೆ ವಿದ್ವತ್ ವಲಯವೂ ಹೊಣೆಯಾಗುತ್ತದೆ.

ಆದಕಾರಣ ಅಕಾಡೆಮಿಗಳು, ಗ್ರಂಥಾಲಯಗಳು ವಕ್ತೃವಿನ ಒಪ್ಪಿಗೆ ಪಡೆದು, ಹೆಸರು, ಊರು, ದಾಖಲಾತಿಯ ದಿನಾಂಕಗಳೊಡನೆ ಸಂಗ್ರಹಗಳನ್ನು ಪ್ರಕಟಿಸುವುದು ಮೊದಲ ಕರ್ತವ್ಯ. ಹಾಗಾದಾಗ ಹಾಡಿದವಳ ಹೆಸರು ಕೋಶದ ಅಡಿಟಿಪ್ಪಣಿಯಲ್ಲಾದರೂ ಉಳಿದೀತು.