ಪೋರ್ಟೇಜ್ ಮತ್ತು ಅವಲಂಬನೆಯ ಸುಳಿ: ಒಂದು ವಿಮರ್ಶೆ

ಹುಚ್ಚು ಬಿಡದೆ ಮದುವೆಯಾಗದು, ಮದುವೆಯಾಗದೆ ಹುಚ್ಚು ಬಿಡದು ಎಂಬ ಗಾದೆಯನ್ನು ನೀವು ಕೇಳಿರುತ್ತೀರಿ. ಆಕರ ಸಂಕೇತದಿಂದಲೇ, ಅಂದರೆ ಸೋರ್ಸ್ ಕೋಡ್‌ನಿಂದಲೇ, ತಂತ್ರಾಂಶಗಳನ್ನು ಕಟ್ಟಿಕೊಳ್ಳುವ ಜೆಂಟೂ ಲಿನಕ್ಸ್ ಬಳಕೆದಾರರಿಗೆ ಇದು ಗಣಕದ ಪರದೆಯ ಮೇಲೆಯೇ ಎದುರಾಗುತ್ತದೆ. ಎರಡು ಪೊಟ್ಟಣಗಳು ಒಂದನ್ನೊಂದು ಬೇಡಿದಾಗ ಮೊದಲು ಕಟ್ಟಬೇಕಾದದ್ದು ಯಾವುದು?

ಕನ್ನಡಕ್ಕೆ ಹತ್ತಿರದ ಉದಾಹರಣೆಯನ್ನೇ ನೋಡೋಣ. ‘ಬೊಮ್ಮನಹಳ್ಳಿ’ ಎಂಬ ಊರಿನ ಹೆಸರು ಯೂನಿಕೋಡ್‌ನಲ್ಲಿ 11 ಸಂಕೇತಗಳ ಒಂದು ಸಾಲು. ಇದರಲ್ಲಿ ಮಕಾರ, ಳಕಾರಗಳಿಗೆ ಒತ್ತು ಬರಬೇಕೆಂದು ಲೆಕ್ಕ ಹಾಕಿ ಜೋಡಿಸುವುದು ಹಾರ್ಫ್‌ಬಜ್ ಎಂಬ ಲೈಬ್ರರಿ. ಫಾಂಟ್ ಕಡತದಿಂದ ಅಕ್ಷರದ ಆಕಾರವನ್ನು ಓದಿ ಚುಕ್ಕಿಗಳಾಗಿ ಮೂಡಿಸುವುದು ಫ್ರೀಟೈಪ್. ಹಾರ್ಫ್‌ಬಜ್‌ಗೆ ಫ್ರೀಟೈಪ್ ಬೇಕು. ಫ್ರೀಟೈಪ್‌ನಲ್ಲಿ ಅಕ್ಷರಗಳನ್ನು ತಾನಾಗಿ ತಿದ್ದಿ ಸ್ಪಷ್ಟಗೊಳಿಸುವ ಭಾಗವು ಹಾರ್ಫ್‌ಬಜ್‌ನ ನೆರವು ಪಡೆಯುತ್ತದೆ. ಎರಡೂ ಇಲ್ಲದ ಹೊಸ ಗಣಕದಲ್ಲಿ ಜೆಂಟೂವಿನ ಪೋರ್ಟೇಜ್ ಇಲ್ಲಿಗೆ ಬಂದು ನಿಂತುಬಿಡುತ್ತದೆ.

ಪರಿಹಾರ ಕಷ್ಟದ್ದಲ್ಲ. ಹಾರ್ಫ್‌ಬಜ್ ಎಂಬ ಯೂಸ್ ಫ್ಲ್ಯಾಗನ್ನು ತಾತ್ಕಾಲಿಕವಾಗಿ ತೆಗೆದು ಫ್ರೀಟೈಪನ್ನು ಕಟ್ಟಿ. ಅದರ ಮೇಲೆ ಹಾರ್ಫ್‌ಬಜ್ ಕಟ್ಟಿ. ಕೊನೆಗೆ ಫ್ಲ್ಯಾಗ್ ಮರಳಿಸಿ ಫ್ರೀಟೈಪನ್ನು ಇನ್ನೊಮ್ಮೆ ಕಟ್ಟಿ. ಪೋರ್ಟೇಜ್ ಸುಳಿಯನ್ನು ಮುಚ್ಚಿಡುವುದಿಲ್ಲ. ಯಾವ ಫ್ಲ್ಯಾಗ್ ಬದಲಿಸಿದರೆ ಅದು ಬಿಡಿಸೀತು ಎಂದು ಸೂಚಿಸುತ್ತದೆ. ಮುಂದೆ ಹಿಂದಕ್ಕೆ ಪಡೆಯಬಹುದೆಂದೂ ತಿಳಿಸುತ್ತದೆ. ಇದು ಮೆಚ್ಚಬೇಕಾದ ಗುಣ.

ಆದರೆ ಕೊರತೆಗಳೂ ಇವೆ. ಮೊದಲನೆಯದು, ಯಾವ ಫ್ಲ್ಯಾಗ್ ತೆಗೆದರೆ ಏನು ನಷ್ಟ ಎಂಬುದನ್ನು ಆ ಸೂಚನೆ ಹೇಳುವುದಿಲ್ಲ. ಫ್ರೀಟೈಪ್‌ನಿಂದ ಹಾರ್ಫ್‌ಬಜ್ ತೆಗೆದರೆ ಕನ್ನಡದ ಒತ್ತಕ್ಷರಗಳಿಗೆ ಧಕ್ಕೆಯಿಲ್ಲ. ಅದರ ಬದಲು ಹಾರ್ಫ್‌ಬಜ್‌ನ ಟ್ರೂಟೈಪ್ ಫ್ಲ್ಯಾಗನ್ನು ತೆಗೆದರೆ, ಅದನ್ನು ಬೇಡುವ ಪ್ಯಾಂಗೋ ತಕರಾರು ಎತ್ತುತ್ತದೆ. ಒಂದು ಗಂಟು ಬಿಚ್ಚಲು ಹೋಗಿ ಇನ್ನೊಂದು ಬೀಳುತ್ತದೆ. ಎರಡನೆಯದು, ತಾತ್ಕಾಲಿಕ ಬದಲಾವಣೆಯ ಹೊಣೆ ಪೂರ್ತಿ ನಿಮ್ಮದೇ. ಆದೇಶದ ಸಾಲಿನಲ್ಲಷ್ಟೇ ಕೊಟ್ಟಿದ್ದರೆ ಮುಂದೆ ‘ನ್ಯೂಯೂಸ್’ ಆಯ್ಕೆಯೊಡನೆ ನವೀಕರಿಸುವಾಗ ಅದು ಸರಿಹೋಗುತ್ತದೆ. ಸಂರಚನೆಯ ಕಡತದಲ್ಲಿ ಬರೆದು ಮರೆತರೆ ಅಲ್ಲೇ ಉಳಿಯುತ್ತದೆ. ಮೂರನೆಯದು, ದಾರಿಯನ್ನು ತಾನೇ ಕಂಡುಕೊಂಡ ಯಂತ್ರವು ಆ ಮೂರು ಹೆಜ್ಜೆಗಳನ್ನು, ನಿಮ್ಮ ಒಪ್ಪಿಗೆ ಪಡೆದು, ತಾನೇ ಏಕೆ ನಡೆಯಬಾರದು?

ಡೆಬಿಯನ್‌ನಲ್ಲೂ ಇಂಥ ಸುಳಿಗಳಿವೆ. ಅಲ್ಲಿ ಅವುಗಳನ್ನು ‘ಬಿಲ್ಡ್ ಪ್ರೊಫೈಲ್’ ಎಂಬ ಗುರುತುಗಳ ಮೂಲಕ ಪೊಟ್ಟಣ ತಯಾರಕರೇ ಬಿಡಿಸುತ್ತಾರೆ. ಬಳಕೆದಾರನಿಗೆ ಸಿಗುವುದು ಸಿದ್ಧ ಪೊಟ್ಟಣ. ಜೆಂಟೂ ಕೂಡ 2023ರ ಡಿಸೆಂಬರ್‌ನಿಂದ ಸಿದ್ಧ ಪೊಟ್ಟಣಗಳನ್ನು ವ್ಯಾಪಕವಾಗಿ ಒದಗಿಸುತ್ತಿದೆ. ಕಟ್ಟುವ ಕೆಲಸವೇ ಇಲ್ಲದಿರುವುದರಿಂದ ಅವುಗಳಲ್ಲಿ ಕಟ್ಟುವಾಗಿನ ಸುಳಿಯೂ ಇಲ್ಲ. ಆದರೆ ಇದು ಸುಳಿಯನ್ನು ಬಳಸಿ ಹೋಗುವ ದಾರಿ, ಬಿಡಿಸುವ ದಾರಿಯಲ್ಲ. ನಿಜವಾದ ಮದ್ದು ಮೂಲದಲ್ಲಿದೆ. 2025ರ ಫ್ರೀಟೈಪ್ ಆವೃತ್ತಿಯಲ್ಲಿ ಹಾರ್ಫ್‌ಬಜ್ ಅನ್ನು ಕಟ್ಟುವಾಗ ಬೇಡದೆ, ಓಡುವಾಗ ಇದ್ದರೆ ಬಳಸಿಕೊಳ್ಳುವ ಏರ್ಪಾಡು ಬಂದಿದೆ.

ತಂತ್ರಾಂಶ ಬರೆಯುವ ಓದುಗರು ಇದನ್ನು ಗಮನಿಸಬೇಕು. ನಿಮ್ಮ ಲೈಬ್ರರಿಗೆ ಹೊಸ ಅವಲಂಬನೆಯೊಂದನ್ನು ಸೇರಿಸುವ ಮೊದಲು, ಅದು ತಿರುಗಿ ನಿಮ್ಮನ್ನೇ ಬೇಡುತ್ತದೆಯೇ ಎಂದು ನೋಡಿ. ಒಬ್ಬರು ಅಲ್ಲಿ ತಪ್ಪಿಸಿದ ಗಂಟು ಸಾವಿರ ಗಣಕಗಳಲ್ಲಿ ಬೀಳುವುದಿಲ್ಲ.